ಸಿಳ್ಳೆಯ ಬೇಟೆಗಾರರ ಬೆನ್ನು ಹತ್ತಿ

ಕೊಂದು ತಂದರೆ ಸರ್ಕಾರವೇ ಇನಾಮು ಕೊಡುತ್ತಿದ್ದ ಪ್ರಾಣಿ ಕೆನ್ನಾಯಿ. ಅದರ ಸಂಸಾರವನ್ನು ಜಗತ್ತಿನ ಮುಂದೆ ತೆರೆದಿಟ್ಟವರು ಮೈಸೂರಿನ ಇಬ್ಬರು ಗೆಳೆಯರು. ನಡುವೆ ಹದಿನಾಲ್ಕು ದಿನ ವೀರಪ್ಪನ್ ಸೆರೆ, ಕೊನೆಗೆ ಬ್ರಿಸ್ಟಲ್‌ನಲ್ಲಿ ಪಾಂಡಾ ಪ್ರಶಸ್ತಿ. ವನ್ಯಜೀವಿ ಸಪ್ತಾಹದ ನೆಪದಲ್ಲಿ ಕೃಪಾಕರ–ಸೇನಾನಿ ಜೋಡಿಯ ಕ್ಯಾಮೆರಾ ಬದುಕಿನತ್ತ ಒಂದು ನೋಟ.

ಬೆಳಗಿನ ಮಂಜು ಇನ್ನೂ ಕೆರೆಯ ಮೇಲಿಂದ ಎದ್ದಿರುವುದಿಲ್ಲ. ದಂಡೆಯ ಹುಲ್ಲಿನಲ್ಲಿ ಮೇಯುತ್ತಿದ್ದ ಜಿಂಕೆಗಳ ಹಿಂಡಿನಲ್ಲಿ ಒಂದು ತಲೆ ಎತ್ತುತ್ತದೆ. ಬಾಲ ನಿಮಿರುತ್ತದೆ. ಮುಂಗಾಲು ನೆಲಕ್ಕೆ ಬಡಿಯುತ್ತದೆ. ಆಮೇಲೆ ಆ ಕೀರಲು ಕೂಗು.

ಪೊದೆಗಳ ಆಚೆ ಎಲ್ಲೋ ಒಂದು ಸಿಳ್ಳೆ. ಮನುಷ್ಯನೇ ಹಾಕಿದಂತಹ ತೆಳುವಾದ ಸಿಳ್ಳೆ. ಅದಕ್ಕೆ ಇನ್ನೊಂದು ದಿಕ್ಕಿನಿಂದ ಉತ್ತರ.

ಕೆಂಪು ಮೈ, ಕಪ್ಪು ಪೊದೆಬಾಲದ ಪ್ರಾಣಿಯೊಂದು ಲಾಂಟಾನಾದ ಸಂದಿನಿಂದ ಹೊರಬರುತ್ತದೆ. ಅದರ ಹಿಂದೆ ಇನ್ನೊಂದು. ಆಮೇಲೆ ಐದು, ಆರು, ಎಂಟು. ಓಟವಿಲ್ಲ, ಅವಸರವಿಲ್ಲ, ಬರೀ ಕುಕ್ಕುಲೋಟ. ಜಿಂಕೆಗಳು ಚದುರುತ್ತವೆ. ಒಂದು ದಿಕ್ಕು ತಪ್ಪಿ ಕೆರೆಗೆ ಹಾರಿ ಕತ್ತುದ್ದ ನೀರಿನಲ್ಲಿ ನಿಲ್ಲುತ್ತದೆ. ಕೆನ್ನಾಯಿಗಳು ದಂಡೆಯ ಮೇಲೆ ಕುಳಿತು ಕಾಯುತ್ತವೆ.

ಬಂಡೀಪುರ, ನಾಗರಹೊಳೆ, ಮುದುಮಲೆಯ ಕಾಡು ತಿರುಗಿದವರಿಗೆ ಇಂಥ ನೋಟದ ಒಂದು ಚೂರಾದರೂ ಸಿಕ್ಕಿರುತ್ತದೆ. ಹುಲಿಗಾಗಿ ಕಾಯುತ್ತ ಕುಳಿತ ಜೀಪು ಕೆನ್ನಾಯಿ ಕಂಡರೆ ಎರಡು ನಿಮಿಷ ನಿಂತು ಮುಂದೆ ಹೋಗುತ್ತದೆ. ಅಲ್ಲೇ ಉಳಿದವರು ಕೃಪಾಕರ ಮತ್ತು ಸೇನಾನಿ. ಒಂದು ಗಂಟೆಯಲ್ಲ, ಒಂದು ದಿನವಲ್ಲ. ವರ್ಷಗಟ್ಟಲೆ.

ಶಾಪಗ್ರಸ್ತ ಪ್ರಾಣಿ

ಈ ಜೋಡಿಯ ಕೆಲಸದ ತೂಕ ತಿಳಿಯಬೇಕಾದರೆ ಕೆನ್ನಾಯಿಯ ಮೇಲೆ ಇದ್ದ ಹಗೆ ಗೊತ್ತಿರಬೇಕು.

ಬ್ರಿಟಿಷರ ಕಾಲದಲ್ಲಿ ಇದು ಕ್ಷುದ್ರ ಪ್ರಾಣಿಗಳ ಪಟ್ಟಿಯಲ್ಲಿತ್ತು. ಕೊಂದು ಚರ್ಮ ತಂದವರಿಗೆ ಇನಾಮು. ಗುಂಡು, ವಿಷ, ಬಲೆ ಯಾವುದಕ್ಕೂ ತಡೆಯಿರಲಿಲ್ಲ. ಶಿಕಾರಿಯ ಕಥೆ ಬರೆದ ಬಹುತೇಕ ದೊರೆಗಳು ಹುಲಿಗೆ ಗೌರವ ಕೊಟ್ಟರು, ಕೆನ್ನಾಯಿಗೆ ಶಾಪ ಹಾಕಿದರು.

ಕಾರಣ ಅದರ ಬೇಟೆಯ ರೀತಿ. ಹುಲಿ, ಚಿರತೆಗಳು ಗಂಟಲು ಹಿಡಿದು ಕೊಲ್ಲುತ್ತವೆ. ಹದಿನೈದು ಕಿಲೋ ಆಸುಪಾಸಿನ ಕೆನ್ನಾಯಿಗೆ ಆ ಬಲವಿಲ್ಲ. ಗುಂಪಾಗಿ ಮುತ್ತಿ, ಹೊಟ್ಟೆ ಬಗೆದು, ಬೀಳುವ ಮೊದಲೇ ತಿನ್ನಲು ಶುರು ಮಾಡುತ್ತವೆ. ನೋಡುವುದು ಕಷ್ಟ. ಆದರೆ ಹುಲಿ, ಚಿರತೆಗಳಿರುವ ಕಾಡಿನಲ್ಲಿ ಸಣ್ಣ ಮೈಯ ಬೇಟೆಗಾರನಿಗೆ ಬೇರೆ ದಾರಿಯಿಲ್ಲ. ತಡ ಮಾಡಿದರೆ ದೊಡ್ಡವರು ಬಂದು ಕಸಿಯುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದರ ಕೊಲೆಯನ್ನು ನಿಲ್ಲಿಸಿತು. ಜನರ ಮನಸ್ಸಿನ ಹಗೆಯನ್ನು ನಿಲ್ಲಿಸಲು ಕಾಯ್ದೆಯ ಕೈಲಿ ಆಗಲಿಲ್ಲ.

ಮೊದಲ ಬಾಗಿಲು ತೆರೆದದ್ದು ವಿಜ್ಞಾನ. ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 1978ರವರೆಗೆ ಬಂಡೀಪುರದಲ್ಲಿ ಬೀಡುಬಿಟ್ಟು ಕೆನ್ನಾಯಿಗಳನ್ನು ಹಿಂಬಾಲಿಸಿದರು. ಸ್ವತಂತ್ರವಾಗಿ ಕಾಡಿನಲ್ಲಿ ಬದುಕುವ ದೊಡ್ಡ ಸಸ್ತನಿಯೊಂದನ್ನು ಭಾರತೀಯ ವಿಜ್ಞಾನಿಯೊಬ್ಬರು ಹೀಗೆ ಅಧ್ಯಯನ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ಕಾಲ್ನಡಿಗೆಯ ಈ ಮಹಾನುಭಾವರು 2024ರಲ್ಲಿ ತೀರಿಕೊಂಡರು. ನೀಲಗಿರಿಯ ತಪ್ಪಲಿನ ಸಿಗೂರಿನಲ್ಲಿ ಇ.ಆರ್.ಸಿ. ಡೇವಿಡಾರ್ ಕೂಡ ಇದೇ ಪ್ರಾಣಿಯ ಬೆನ್ನು ಬಿದ್ದಿದ್ದರು.

ಅವರ ಬರಹ ಓದಿದವರಿಗೆ ಕೆನ್ನಾಯಿ ಬದಲಾಯಿತು. ಓದದ ಕೋಟಿ ಜನರಿಗೆ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಕೆಲಸ ಬಾಕಿಯಿತ್ತು.

■ ಕೆನ್ನಾಯಿ: ಒಂದಿಷ್ಟು ಸಂಗತಿ
*ವೈಜ್ಞಾನಿಕ ಹೆಸರು ಕ್ಯುಓನ್ ಆಲ್ಪೈನಸ್. ಸೀಳುನಾಯಿ, ಕಾಡುನಾಯಿ ಎಂದೂ ಕರೆಯುತ್ತಾರೆ. ಊರುನಾಯಿಗೆ 42 ಹಲ್ಲು, ಇದಕ್ಕೆ 40. ಬೊಗಳುವುದಿಲ್ಲ, ಚದುರಿದ ಗುಂಪನ್ನು ಸಿಳ್ಳೆ ಹಾಕಿ ಕೂಡಿಸುತ್ತದೆ. ಹಗಲಿನ ಬೇಟೆಗಾರ. ಜಗತ್ತಿನಲ್ಲಿ ಉಳಿದಿರುವ ಸಂತಾನಯೋಗ್ಯ ಕೆನ್ನಾಯಿಗಳು 949ರಿಂದ 2,215 ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಂದಾಜು. ಅಳಿವಿನಂಚಿನ ಪಟ್ಟಿಯಲ್ಲಿದೆ.*

ಜೋಡಿ ಹೆಸರು, ಒಂದೇ ಕಣ್ಣು

ಕನ್ನಡದ ಓದುಗರಿಗೆ ಈ ಹೆಸರುಗಳು ಬಿಡಿಬಿಡಿಯಾಗಿ ಗೊತ್ತಿಲ್ಲ. ಚಿತ್ರದ ಅಡಿಬರಹದಲ್ಲಿ, ಪುಸ್ತಕದ ಮುಖಪುಟದಲ್ಲಿ, ಸಿನಿಮಾದ ಕೊನೆಯಲ್ಲಿ ಬರುವುದು ಕೃಪಾಕರ–ಸೇನಾನಿ ಎಂದೇ.

ಮೊದಲು ಕೈಯಲ್ಲಿದ್ದದ್ದು ಸ್ಟಿಲ್ ಕ್ಯಾಮೆರಾ. ಆ ಹೊತ್ತಿಗೆ ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಗಟ್ಟಿಯಾದ ಪರಂಪರೆಯೇ ಇತ್ತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಕಪ್ಪುಬಿಳುಪು ಚಿತ್ರಗಳು ದೇಶದಾಚೆಗೂ ಹೆಸರಾಗಿದ್ದವು. ಒಂದು ಕ್ಷಣವನ್ನು ಹಿಡಿದು ನಿಲ್ಲಿಸುವ ಕಲೆಯಲ್ಲಿ ನಮ್ಮವರು ಯಾರಿಗೂ ಕಡಿಮೆ ಇರಲಿಲ್ಲ.

ಆದರೆ ಕೆನ್ನಾಯಿಯ ಬದುಕು ಒಂದು ಕ್ಷಣದಲ್ಲಿ ಹಿಡಿಸುವಂಥದ್ದಲ್ಲ. ಮರಿ ಹುಟ್ಟಿದ್ದು, ಬೆಳೆದದ್ದು, ಮೊದಲ ಬೇಟೆಗೆ ಹೋದದ್ದು, ಮುದಿಯಾಯಿತೆಂದು ಹಿಂದುಳಿದದ್ದು ಎಲ್ಲವೂ ಒಂದರ ಬಾಲ ಒಂದು ಹಿಡಿದು ಸಾಗುತ್ತವೆ. ಅದಕ್ಕೆ ಚಲಿಸುವ ಚಿತ್ರವೇ ಬೇಕು. ಸ್ಟಿಲ್ ಕ್ಯಾಮೆರಾದಿಂದ ಮೂವಿ ಕ್ಯಾಮೆರಾಗೆ ಇವರು ದಾಟಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ.

ಈ ಚಿತ್ರೀಕರಣದ ಕಷ್ಟ ಊಹಿಸಿ. ಕೆನ್ನಾಯಿ ಗುಂಪೊಂದರ ಸರಹದ್ದು ಹತ್ತಾರು ಚದರ ಕಿಲೋಮೀಟರ್. ಇಂದು ಇಲ್ಲಿ ಕಂಡದ್ದು ನಾಳೆ ಇನ್ನೊಂದು ಕಣಿವೆಯಲ್ಲಿ. ಮುಂಗಾರಿನಲ್ಲಿ ಹುಲ್ಲು, ಲಾಂಟಾನಾ ಆಳುದ್ದ ಬೆಳೆದು ಪರದೆ ಹಾಕುತ್ತವೆ. ಬೇಸಿಗೆಯಲ್ಲಿ ಹತ್ತು ಗಂಟೆಯಾಗುವಷ್ಟರಲ್ಲಿ ನೆಲದಿಂದ ಏಳುವ ಬಿಸಿಗಾಳಿ ದೂರದ ಲೆನ್ಸಿನ ಚಿತ್ರವನ್ನೆಲ್ಲ ನಡುಗಿಸುತ್ತದೆ. ಬೆಳಗ್ಗೆ ಎರಡು ಮೂರು ಗಂಟೆ, ಸಂಜೆ ಒಂದೆರಡು ಗಂಟೆ ಸಿಕ್ಕರೆ ಪುಣ್ಯ.

ಒಂದೇ ಒಂದು ಋತು ಇವರ ಕೈ ಹಿಡಿಯುತ್ತದೆ. ಚಳಿಗಾಲ ಶುರುವಾದಾಗ ಗುಂಪಿನ ಹಿರಿಯ ಹೆಣ್ಣು ಹಳೆಯ ಮುಳ್ಳುಹಂದಿ ಬಿಲವನ್ನೋ ಬಂಡೆಯ ಸಂದನ್ನೋ ಹುಡುಕಿ ಮರಿ ಹಾಕುತ್ತದೆ. ಆ ಕೆಲವು ತಿಂಗಳು ಇಡೀ ಗುಂಪು ದಿನಕ್ಕೆರಡು ಬಾರಿ ಅದೇ ಬಿಲಕ್ಕೆ ಮರಳಬೇಕು. ಅಲೆಮಾರಿಗಳು ಗೃಹಸ್ಥರಾಗುವ ಕಾಲ ಅದು.

ಆಗ ಕಾಣುವ ನೋಟಗಳೇ ಕೆನ್ನಾಯಿಯ ಮೇಲಿನ ಎಲ್ಲ ಅಪವಾದಕ್ಕೂ ಉತ್ತರ. ಬೇಟೆಗೆ ಹೋದವರು ಹೊಟ್ಟೆ ತುಂಬ ತಿಂದು ಬಂದು, ಬಿಲದ ಬಾಯಲ್ಲಿ ಮರಿಗಳಿಗಾಗಿ ಮಾಂಸ ಕಕ್ಕುತ್ತಾರೆ. ಬಾಣಂತಿಗೂ ಪಾಲುಂಟು, ಕಾವಲಿಗೆ ಉಳಿದ ಚಿಕ್ಕಮ್ಮನಿಗೂ ಪಾಲುಂಟು. ಮರಿಗಳು ಸ್ವಲ್ಪ ದೊಡ್ಡವಾಗಿ ಬೇಟೆಯ ಜಾಗಕ್ಕೆ ಬಂದರೆ ದೊಡ್ಡವರು ಹಿಂದೆ ಸರಿದು ನಿಲ್ಲುತ್ತಾರೆ. ಮೊದಲ ಸರದಿ ಮಕ್ಕಳದ್ದು. ಹುಲಿಯ ಕಾಡಿನಲ್ಲಿ ಮಕ್ಕಳಿಗೆ ಮೊದಲು ಊಟ ಬಿಟ್ಟುಕೊಡುವ ಪ್ರಾಣಿಯನ್ನು ನಾವು ಕ್ರೂರಿ ಎಂದು ಕರೆದೆವು.

ಆದರೆ ಈ ಸದವಕಾಶದಲ್ಲೇ ಅಪಾಯವೂ ಇದೆ. ಮನುಷ್ಯರ ಸುಳಿವು ಹೆಚ್ಚಾದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಬಿಲಕ್ಕೆ ಹೋಗುತ್ತದೆ. ದಾರಿಯಲ್ಲಿ ಚಿರತೆ ಇರಬಹುದು, ಹುಲಿ ಇರಬಹುದು. ಒಂದು ಒಳ್ಳೆಯ ಶಾಟ್‌ನ ಆಸೆಗೆ ಒಂದು ಸಂಸಾರವೇ ಬಲಿಯಾಗಬಹುದು. ಈ ವೃತ್ತಿಯಲ್ಲಿ ಎಷ್ಟು ಹತ್ತಿರ ಹೋದೆ ಎನ್ನುವುದಕ್ಕಿಂತ ಎಲ್ಲಿ ನಿಂತೆ ಎನ್ನುವುದು ಮುಖ್ಯ. ಕೃಪಾಕರ–ಸೇನಾನಿ ನಮ್ಮ ಗೌರವಕ್ಕೆ ಪಾತ್ರರಾಗುವುದು ಮೊದಲು ಈ ಸಂಯಮಕ್ಕಾಗಿ, ಆಮೇಲೆ ಪ್ರಶಸ್ತಿಗಾಗಿ.

ಇನ್ನೊಂದು ಋಣವನ್ನೂ ಹೇಳಬೇಕು. ಈ ಕಾಡಿನಲ್ಲಿ ಜಾಡು ಓದುವ ವಿದ್ಯೆ ಜೇನುಕುರುಬರದ್ದು, ಕಾಡುಕುರುಬರದ್ದು. ಧೂಳಿನ ಮೇಲಿನ ಹೆಜ್ಜೆ ಯಾವ ಹೊತ್ತಿನದು, ಹಕ್ಕಿಯ ಗಲಾಟೆ ಯಾರನ್ನು ಕಂಡು, ಕಾಗೆ ಎಲ್ಲಿ ಇಳಿಯಿತು ಎಂಬುದನ್ನು ಅವರು ನಡೆಯುತ್ತಲೇ ಹೇಳುತ್ತಾರೆ. ನಮ್ಮ ಕಾಡಿನಲ್ಲಿ ಚಿತ್ರೀಕರಣಗೊಂಡ ವನ್ಯಜೀವಿ ಸಾಕ್ಷ್ಯಚಿತ್ರಗಳು ಈ ಜನರ ಕಣ್ಣಿಗೆ ಋಣಿ.

ಅಕ್ಟೋಬರ್ 1997

ಬಂಡೀಪುರದ ಅಂಚಿನಲ್ಲಿ ನೆಲೆ ನಿಂತು ಕೆಲಸ ಮಾಡುತ್ತಿದ್ದ ಇವರನ್ನು ಒಂದು ದಿನ ಕಾಡುಗಳ್ಳ ವೀರಪ್ಪನ್ ತಂಡ ಎತ್ತಿಕೊಂಡು ಹೋಯಿತು.

ಆಗ ಗಡಿಭಾಗದ ಕಾಡು ಅವನ ಹಿಡಿತದಲ್ಲಿತ್ತು. ಸರ್ಕಾರದಿಂದ ಕ್ಷಮಾದಾನ ಬೇಕಿತ್ತು, ಅದಕ್ಕೆ ಒತ್ತೆಯಾಳುಗಳು ಬೇಕಿತ್ತು. ಕ್ಯಾಮೆರಾ ಹಿಡಿದ ಇಬ್ಬರನ್ನು ಸರ್ಕಾರದ ದೊಡ್ಡ ಮನುಷ್ಯರೆಂದೇ ಅವನು ಬಗೆದಿದ್ದ. ಹದಿನಾಲ್ಕು ದಿನ ಕಾಡಿನಿಂದ ಕಾಡಿಗೆ ನಡೆಸಿದ. ಆಮೇಲೆ ಬಿಟ್ಟ.

ವೀರಪ್ಪನ್ ನಟ ರಾಜಕುಮಾರ್ ಅವರನ್ನು ಅಪಹರಿಸಲು ಇನ್ನೂ ಸುಮಾರು ಮೂರು ವರ್ಷವಿತ್ತು. ಆ ದೊಡ್ಡ ಸುದ್ದಿಯ ನೆರಳಿನಲ್ಲಿ 1997ರ ಆ ಹದಿನಾಲ್ಕು ದಿನ ಇಂದಿನ ತರುಣರಿಗೆ ಅಷ್ಟಾಗಿ ಗೊತ್ತಿಲ್ಲ.

ಸೆರೆಯ ಅನುಭವವನ್ನು ಇವರು ಕನ್ನಡದಲ್ಲಿ ಬರೆದರು. 2011ರಲ್ಲಿ ಅದು ‘ಬರ್ಡ್ಸ್, ಬೀಸ್ಟ್ಸ್ ಅಂಡ್ ಬ್ಯಾಂಡಿಟ್ಸ್’ ಎಂಬ ಹೆಸರಿನಲ್ಲಿ ಪೆಂಗ್ವಿನ್‌ನಿಂದ ಇಂಗ್ಲಿಷಿಗೂ ಬಂತು. ಓದುವಾಗ ನನ್ನನ್ನು ಹಿಡಿದದ್ದು ಅದರ ನೋಡುವ ಬಗೆ. ಕೆನ್ನಾಯಿಯನ್ನು ಗಮನಿಸಿದ ಅದೇ ತಾಳ್ಮೆಯಿಂದ ಇವರು ತಮ್ಮನ್ನು ಹಿಡಿದವರನ್ನೂ ಗಮನಿಸಿದ್ದಾರೆ: ವೀರಪ್ಪನ್‌ಗಿದ್ದ ಕಾಡಿನ ಅರಿವು, ಅವನ ಜಂಬ, ಅವನ ಭಯ, ಜೊತೆಗಿದ್ದ ಹುಡುಗರ ಬಡತನ. ಅವನ ಅಪರಾಧಗಳಿಗೆ ಇಲ್ಲಿ ರಿಯಾಯಿತಿಯಿಲ್ಲ; ಹಗೆಯ ಮಾತೂ ಇಲ್ಲ. ಸಾಕ್ಷ್ಯಚಿತ್ರಕಾರನಿಗೆ ಬೇಕಾದ ಗುಣ ಇದೇ ಎಂದು ನಾನು ನಂಬುತ್ತೇನೆ. ಕಣ್ಣ ಮುಂದಿರುವವನು ಏನು ಮಾಡುತ್ತಾನೆ ಎನ್ನುವುದನ್ನು ಮೊದಲು ನೋಡಬೇಕು, ತೀರ್ಪನ್ನು ಆಮೇಲೆ ಕೊಡಬೇಕು.

ಬಿಡುಗಡೆಯಾದ ಮೇಲೆ ಬೇರೆಯವರಾಗಿದ್ದರೆ ಕಾಡಿಗೆ ಬೆನ್ನು ಹಾಕುತ್ತಿದ್ದರೇನೋ. ಇವರು ಮತ್ತೆ ಕೆನ್ನಾಯಿಗಳ ಬಳಿಗೆ ಹೋದರು.

ಬ್ರಿಸ್ಟಲ್‌ನಿಂದ ಬಂದ ಸುದ್ದಿ

ಕೆನ್ನಾಯಿಗಳ ಮೇಲಿನ ಇವರ ಸಾಕ್ಷ್ಯಚಿತ್ರಗಳಲ್ಲಿ ‘ವೈಲ್ಡ್ ಡಾಗ್ ಡೈರೀಸ್’ ಮೊದಲು ಬಂತು. ನ್ಯಾಷನಲ್ ಜಿಯಾಗ್ರಫಿಕ್ ಮೂಲಕ ಅದು ಹೊರದೇಶಗಳ ಮನೆಗಳನ್ನೂ ಮುಟ್ಟಿತು. ಬಳಿಕ ‘ದ ಪ್ಯಾಕ್’. 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆದ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ ಅದಕ್ಕೆ ಪಾಂಡಾ ಪ್ರಶಸ್ತಿ ಸಂದಿತು. ವನ್ಯಜೀವಿ ಚಿತ್ರಲೋಕದಲ್ಲಿ ಇದನ್ನು ಹಸಿರು ಆಸ್ಕರ್ ಎಂದೇ ಕರೆಯುತ್ತಾರೆ. ಬಿಬಿಸಿಯ ವನ್ಯಜೀವಿ ವಿಭಾಗದ ತವರೂರು ಬ್ರಿಸ್ಟಲ್. ಜಗತ್ತಿನ ಅತ್ಯುತ್ತಮ ಕ್ಯಾಮೆರಾಗಳ ಅಂಗಳದಲ್ಲಿ ಮೈಸೂರಿನವರು ಗೆದ್ದರು.

ಗೆದ್ದದ್ದು ಹುಲಿಯ ಚಿತ್ರವಲ್ಲ, ಆನೆಯ ಚಿತ್ರವಲ್ಲ ಎನ್ನುವುದು ನನಗೆ ಇನ್ನೂ ದೊಡ್ಡ ಸಂಗತಿ. ವಾಹಿನಿಗಳಿಗೆ ಸುಲಭವಾಗಿ ಮಾರಾಟವಾಗುವುದು ಹುಲಿಯೇ. ಯಾರೂ ಕೇಳದ ಪ್ರಾಣಿಯ ಮೇಲೆ ಬದುಕಿನ ಒಳ್ಳೆಯ ವರ್ಷಗಳನ್ನು ಸುರಿಯಲು ಎದೆಗಾರಿಕೆ ಬೇಕು.

ಇಷ್ಟಾಗಿ ಅವರು ಕನ್ನಡವನ್ನು ಬಿಡಲಿಲ್ಲ. ‘ಕೆನ್ನಾಯಿಯ ಜಾಡಿನಲ್ಲಿ’ ಪುಸ್ತಕದಲ್ಲಿ ಕ್ಯಾಮೆರಾದ ಹಿಂದಿನ ಕಥೆಯಿದೆ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ಕೊಟ್ಟ ಪರಿಸರ ಬರವಣಿಗೆಯ ದಾರಿಯಲ್ಲಿ ಮುಂದೆ ನಡೆದವರ ಪಟ್ಟಿ ಬರೆದರೆ ಈ ಜೋಡಿಯ ಹೆಸರು ಮೇಲ್ಸಾಲಿನಲ್ಲೇ ಬರುತ್ತದೆ.

■ ಹನ್ನೊಂದು ನಿಮಿಷದ ಸುರುಳಿ
*ಡಿಜಿಟಲ್ ಬರುವ ಮುನ್ನ ವನ್ಯಜೀವಿ ಚಿತ್ರಗಳ ಮುಖ್ಯ ಮಾಧ್ಯಮ 16 ಎಂಎಂ ಫಿಲ್ಮು. 400 ಅಡಿಯ ಒಂದು ಸುರುಳಿ ಓಡುತ್ತಿದ್ದದ್ದು ಸುಮಾರು 11 ನಿಮಿಷ. ಸುರುಳಿ ಮುಗಿದು ಹೊಸದು ಹಾಕುವಷ್ಟರಲ್ಲಿ ಬೇಟೆ ಮುಗಿದಿರುತ್ತಿತ್ತು. ಏನು ಸಿಕ್ಕಿತೆಂದು ತಿಳಿಯಲು ಲ್ಯಾಬಿನಿಂದ ಫಿಲ್ಮು ತೊಳೆದು ಬರುವವರೆಗೆ ಕಾಯಬೇಕಿತ್ತು. ತೆರೆಯ ಮೇಲೆ ಕೇಳುವ ಹೆಜ್ಜೆ ಸದ್ದು, ಎಲೆಯ ಸರಪರ ಇಂದಿಗೂ ಬಹುಪಾಲು ಬೇರೆಯಾಗಿ ದಾಖಲಿಸಿ ಸೇರಿಸಿದ್ದು. ದೂರದ ಲೆನ್ಸಿಗೆ ದೃಶ್ಯ ಸಿಗುತ್ತದೆ, ಸದ್ದು ಸಿಗುವುದಿಲ್ಲ.*

ಒಲೆಯ ಕಡೆಗೆ ತಿರುಗಿದ ಕ್ಯಾಮೆರಾ

ಕಾಡನ್ನು ವರ್ಷಗಟ್ಟಲೆ ನೋಡಿದವರಿಗೆ ಕಾಡಿಗೆ ಏನಾಗುತ್ತಿದೆ ಎನ್ನುವುದೂ ಕಾಣುತ್ತದೆ. ಬಂಡೀಪುರದ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಮುಂಜಾನೆ ಸೌದೆಗೆ ಹೊರಡುತ್ತಿದ್ದರು. ಮೊದಲು ಒಣಗಿದ ಕೊಂಬೆ, ಅದು ಮುಗಿದ ಮೇಲೆ ಹಸಿ ಗಿಡ. ತಲೆ ಮೇಲೆ ಹೊರೆ, ಎದುರಿಗೆ ಆನೆ. ಸಂಜೆ ಹೊಗೆ ತುಂಬಿದ ಅಡುಗೆಮನೆ.

ಅರಣ್ಯ ಇಲಾಖೆ ದಂಡ ಹಾಕಿ ಇದನ್ನು ನಿಲ್ಲಿಸಲು ಸಾಧ್ಯವಿರಲಿಲ್ಲ. ಒಲೆ ಉರಿಯಲೇಬೇಕಲ್ಲ.

ಕೃಪಾಕರ–ಸೇನಾನಿ ಗೆಳೆಯರೊಡನೆ ಸೇರಿ ‘ನಮ್ಮ ಸಂಘ’ ಕಟ್ಟಿದರು. ಕಾಡಂಚಿನ ಸಾವಿರಾರು ಮನೆಗಳಿಗೆ ಅಡುಗೆ ಅನಿಲ ಮುಟ್ಟಿಸುವುದು ಅದರ ಕೆಲಸ. ಸಂಪರ್ಕ ಕೊಟ್ಟು ಕೈ ತೊಳೆದುಕೊಂಡರೆ ಪ್ರಯೋಜನವಿಲ್ಲ. ಮರುಪೂರಣದ ಸಿಲಿಂಡರ್ ಹಳ್ಳಿಗೇ ಬರಬೇಕು, ಇಲ್ಲದಿದ್ದರೆ ಮರುದಿನವೇ ಕೊಡಲಿ ಕೈಗೆ ಬರುತ್ತದೆ. ಆ ಬೇಸರದ, ದಿನನಿತ್ಯದ ಕೆಲಸವನ್ನು ಅವರು ಹೊತ್ತುಕೊಂಡರು. ಕಾಡಿನ ಚೆಲುವನ್ನು ಚಿತ್ರಿಸಿ ಹೆಸರಾದವರು ಬಹಳ ಮಂದಿ. ಕಾಡಂಚಿನ ಅಡುಗೆಮನೆಯ ಚಿಂತೆ ಮಾಡಿದವರು ವಿರಳ.

ಈಗಿನ ತಲೆಮಾರು

ಇವರ ನಂತರ ದಾರಿ ಅಗಲವಾಗಿದೆ.

2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಚಿತ್ರಮಂದಿರಕ್ಕೆ ಬಂತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶನ, ಡೇವಿಡ್ ಅಟೆನ್‌ಬರೋ ಧ್ವನಿ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಆವೃತ್ತಿಗೆ ದನಿ ಕೊಟ್ಟವರು ರಿಷಬ್ ಶೆಟ್ಟಿ. 2022ರ ಅಕ್ಟೋಬರ್ 28ರಂದು ‘ಗಂಧದ ಗುಡಿ’ ಬಿಡುಗಡೆಯಾಯಿತು. ಅಗಲಿದ ನಟ ಪುನೀತ್ ರಾಜ್‌ಕುಮಾರ್ ಕಾಡು ಸುತ್ತಿದ ಆ ಚಿತ್ರಕ್ಕೆ ಜನ ಕಣ್ಣೀರಿನೊಂದಿಗೆ ಬಂದರು. ಬಂದವರು ನೋಡಿದ್ದು ಸಾಕ್ಷ್ಯಚಿತ್ರವನ್ನು! ಕನ್ನಡಿಗರು ಟಿಕೆಟ್ ಕೊಂಡು ಸಾಕ್ಷ್ಯಚಿತ್ರ ನೋಡುವುದಿಲ್ಲ ಎಂಬ ಮಾತನ್ನು ಇನ್ನು ಯಾರೂ ಹೇಳಬಾರದು.

2023ರ ಮಾರ್ಚ್‌ನಲ್ಲಿ ಆಸ್ಕರ್ ಪಡೆದ ‘ದ ಎಲಿಫೆಂಟ್ ವಿಸ್ಪರರ್ಸ್’ ಕೂಡ ಬಂಡೀಪುರಕ್ಕೆ ತಾಗಿಕೊಂಡ ಮುದುಮಲೆಯದ್ದೇ. ಕಾರ್ತಿಕಿ ಗೊನ್ಸಾಲ್ವಿಸ್ ಅವರ ಆ ಚಿತ್ರದಲ್ಲಿ ತೆಪ್ಪಕಾಡಿನ ಬೊಮ್ಮನ್, ಬೆಳ್ಳಿ ದಂಪತಿಯೇ ನಾಯಕರು. ಕಾಡಿನ ಜನ ಕ್ಯಾಮೆರಾದ ಹಿಂದಿನ ಜಾಡುಗಾರರಾಗಿಯೇ ಉಳಿಯದೆ ಮುಂದೆ ಬಂದದ್ದು ಸಂತೋಷದ ಬೆಳವಣಿಗೆ.

■ ಠಾಣೆಯ ಬೆಟ್ಟದಲ್ಲೂ
*ಕಾಡು ನೋಡಲು ಬಂಡೀಪುರದ ತನಕ ಬರಲಾಗದ ಮುಂಬಯಿ ಕನ್ನಡಿಗರಿಗೆ ಮನೆಯ ಪಕ್ಕದಲ್ಲೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಸುಮಾರು 104 ಚದರ ಕಿ.ಮೀ. ವಿಸ್ತಾರದ ಈ ಕಾಡಿನ ಠಾಣೆ ಕಡೆಯ ಅಂಚು ಯೇವೂರು ಬೆಟ್ಟ. ಇಲ್ಲಿನ ಚಿರತೆಗಳು ಇರುಳಲ್ಲಿ ನಗರದ ಅಂಚಿಗೆ ಇಳಿಯುವುದನ್ನು ಶಾಖ ಗ್ರಹಿಸುವ ಕ್ಯಾಮೆರಾಗಳು ಹಿಡಿದವು. 2016ರಲ್ಲಿ ಬಿಬಿಸಿಯ ‘ಪ್ಲಾನೆಟ್ ಅರ್ಥ್ 2’ ಸರಣಿಯಲ್ಲಿ ಜಗತ್ತು ಅದನ್ನು ಕಂಡಿತು. ಆ ಸರಣಿಯ ಛಾಯಾಗ್ರಹಣಕ್ಕೆ 2017ರಲ್ಲಿ ಸಿಕ್ಕ ಬಾಫ್ಟಾ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಬೆಂಗಳೂರಿನ ಸಂದೇಶ್ ಕಡೂರ್ ಒಬ್ಬರು. ನವಿ ಮುಂಬಯಿಯ ಐರೋಲಿ ಬಳಿ ಠಾಣೆ ಕೊಲ್ಲಿಯಲ್ಲಿ ಚಳಿಗಾಲಕ್ಕೆ ರಾಜಹಂಸಗಳು ಇಳಿಯುತ್ತವೆ. 2015ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು.*

ಇಷ್ಟೆಲ್ಲ ಆದರೂ ಒಂದು ಕೊರಗು ಉಳಿಯುತ್ತದೆ. ಇಂಥ ಚಿತ್ರಗಳಿಗೆ ಹಣ ಹೆಚ್ಚಾಗಿ ಬರುವುದು ಹೊರದೇಶದ ವಾಹಿನಿಗಳಿಂದ. ಹಣ ಕೊಟ್ಟವರಿಗೆ ಹಕ್ಕು. ಹೀಗಾಗಿ ನಮ್ಮ ಕಾಡಿನ ಕಥೆ ಮೊದಲು ಲಂಡನ್ನಿನಲ್ಲಿ, ವಾಷಿಂಗ್ಟನ್ನಿನಲ್ಲಿ ಪ್ರಸಾರವಾಗುತ್ತದೆ. ಗುಂಡ್ಲುಪೇಟೆಯ, ಎಚ್.ಡಿ. ಕೋಟೆಯ ಮಗುವಿಗೆ ಅದು ಕೊನೆಯಲ್ಲಿ ಸಿಗುತ್ತದೆ, ಸಿಕ್ಕರೆ. ಯಾರ ದನಕ್ಕೆ ಹುಲಿ ಬರುತ್ತದೋ, ಯಾರ ಹೊಲಕ್ಕೆ ಆನೆ ನುಗ್ಗುತ್ತದೋ, ಆ ಮನೆಯ ಮಕ್ಕಳು ಈ ಚಿತ್ರಗಳ ಮೊದಲ ಪ್ರೇಕ್ಷಕರಾಗಬೇಕಿತ್ತು.

ಪ್ರತಿ ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಭಾಷಣ, ಚಿತ್ರಕಲಾ ಸ್ಪರ್ಧೆ, ಜಾಥಾ ನಡೆಯುತ್ತವೆ. ಆ ವಾರದಲ್ಲಿ ಕಾಡಂಚಿನ ಪ್ರತಿ ಸರ್ಕಾರಿ ಶಾಲೆಯಲ್ಲೂ ಕೆನ್ನಾಯಿಯ ಸಂಸಾರವನ್ನು ಕನ್ನಡದ ವಿವರಣೆಯೊಂದಿಗೆ ತೋರಿಸಲಿ. ಒಂದು ಪ್ರೊಜೆಕ್ಟರ್, ಒಂದು ಬಿಳಿ ಪಂಚೆ, ಒಂದು ಗಂಟೆಯ ಸಮಯ ಸಾಕು. ಪ್ರಸಾರದ ಹಕ್ಕು ಪಡೆಯುವ ಮಾತುಕತೆಯನ್ನು ಅರಣ್ಯ ಇಲಾಖೆ ಮತ್ತು ಶಿಕ್ಷಣ ಇಲಾಖೆ ಕೂಡಿ ನಡೆಸಲಿ. ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡ ಸಂಘಗಳು ರಾಜ್ಯೋತ್ಸವದ ಹಾಡು, ಕುಣಿತದ ನಡುವೆ ಇಂಥದ್ದೊಂದು ಪ್ರದರ್ಶನಕ್ಕೆ ಜಾಗ ಮಾಡಲಿ.

ಓದುಗರಲ್ಲಿ ಒಂದು ಮಾತು. ಬಂಡೀಪುರದ ರಸ್ತೆಯಲ್ಲಿ ಕೆನ್ನಾಯಿಗಳು ಅಡ್ಡ ಬಂದರೆ ವೇಗ ಇಳಿಸಿ ದಾರಿ ಬಿಡಿ. ಕೆಳಗೆ ಇಳಿಯಬೇಡಿ, ಮೊಬೈಲ್ ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ. ಮನೆಗೆ ಬಂದು ‘ಕೆನ್ನಾಯಿಯ ಜಾಡಿನಲ್ಲಿ’ ಓದಿ, ಮಕ್ಕಳಿಗೂ ಓದಿ ಹೇಳಿ.